ಐತಿಹಾಸಿಕ ಕಾದಂಬರಿಯ ರಹಸ್ಯವೂ ವಾಚಕನ ತೀರ್ಪೂ: ಶಾಂತಲೆಯ ಕಥೆಯನ್ನು ಕುರಿತು

೧

ಐತಿಹಾಸಿಕ ಕಾದಂಬರಿಗಳನ್ನು ಕುರಿತು ವಾಚಕರು ತಳೆಯುವ ಅಭಿಪ್ರಾಯಗಳು ಸಾಹಿತ್ಯವಿಮರ್ಶೆಗೆ ಸೇರಿದವು, ಚರಿತ್ರೆಯ ಅಧ್ಯಾಪಕನಿಗೆ ಅವುಗಳಿಂದ ಆಗಬೇಕಾದುದೇನೂ ಇಲ್ಲ ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಹೊಯ್ಸಳ ಅರಸರನ್ನು ಮೊದಲು ಕಂಡಿರುವುದು ಶಾಸನಸಂಪುಟಗಳಲ್ಲಿ ಅಲ್ಲ, ಕಾದಂಬರಿಗಳಲ್ಲಿ. ಅಲ್ಲಿ ಒಮ್ಮೆ ಮನಸ್ಸಿನಲ್ಲಿ ನಿಂತ ಚಿತ್ರವನ್ನು ಪಠ್ಯಪುಸ್ತಕವು ಸುಲಭವಾಗಿ ಅಳಿಸಲಾರದು. ವಿದ್ಯಾರ್ಥಿಗಳ ಮಾತು ಹಾಗಿರಲಿ, ಅಧ್ಯಾಪಕರ ಮನಸ್ಸಿನಿಂದಲೂ ಅದು ಅಳಿಯುವುದಿಲ್ಲ ಎಂಬುದಕ್ಕೆ ನಾವೇ ಸಾಕ್ಷಿ.

ಕೆಲವು ವರ್ಷಗಳ ಹಿಂದೆ ಹೊಯ್ಸಳ ವಿಷ್ಣುವರ್ಧನನನ್ನು ಕುರಿತು ಪಾಠ ಹೇಳುತ್ತಿದ್ದಾಗ, ಆತನ ಪಟ್ಟದರಸಿ ಶಾಂತಲೆಯು ಶಿವಗಂಗೆಯ ಬೆಟ್ಟದಿಂದ ಧುಮುಕಿ ಪ್ರಾಣತ್ಯಾಗ ಮಾಡಿದಳೆಂದು ನಾವು ಸಹಜವಾಗಿ ಹೇಳಿಬಿಟ್ಟೆವು. ಸಿಂಧನೂರು ತಾಲ್ಲೂಕಿನ ಗೊರೇಬಾಳದಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಅದು ಯಾವ ಶಾಸನದಾಗ ಐತ್ರೀ ಸರ್?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಹೇಳುವೆವೆಂದು ಆಶ್ವಾಸನೆಯಿತ್ತು ಗ್ರಂಥಾಲಯದಲ್ಲಿ ಹುಡುಕಿದೆವು. ನಾವು ಹೇಳಿದ ಮಾತು ಯಾವ ಶಾಸನದಿಂದಲೂ ಬಂದುದಲ್ಲ. ವಿದ್ಯಾರ್ಥಿದೆಸೆಯಲ್ಲಿ ಓದಿದ ಕಾದಂಬರಿಯಿಂದಲೂ ಕೇಳಿದ ಐತಿಹ್ಯದಿಂದಲೂ ಬಂದುದು ಎಂಬುದು ಆಗ ನಮಗೆ ಮನವರಿಕೆಯಾಯಿತು. ಆ ಪ್ರಶ್ನೆಗೆ ತರಗತಿಯಲ್ಲಿ ಕೊಟ್ಟುದಕ್ಕಿಂತ ಸ್ವಲ್ಪ ವಿಸ್ತಾರವಾದ ಉತ್ತರವನ್ನು ಕೊಡುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಪ್ರೇಮ, ಪರಾಕ್ರಮ, ಒಳಸಂಚು, ಮರೆಯಲ್ಲಿರಿಸಿದ ಒಂದು ರಹಸ್ಯ, ಕೊನೆಯಲ್ಲಿ ಅದರ ಬಿಡುಗಡೆ: ಐತಿಹಾಸಿಕ ರಮ್ಯಕಥೆಯ ಈ ಹಂದರವು ಹೊಸದಲ್ಲ. ಸರ್ ವಾಲ್ಟರ್ ಸ್ಕಾಟನ ‘ಐವನ್‌ಹೋ’ದಲ್ಲಿ ಮುಖ ಮರೆಸಿಕೊಂಡು ಬರುವ ಕಪ್ಪು ಕವಚದ ವೀರನು ಕಡೆಗೆ ರಿಚರ್ಡ್ ದೊರೆಯೇ ಎಂದು ಬಯಲಾಗುತ್ತದೆ. ಬಂಕಿಮಚಂದ್ರರು ೧೮೬೫ರಲ್ಲಿ ಪ್ರಕಟಿಸಿದ ‘ದುರ್ಗೇಶನಂದಿನಿ’ಯು ಇದೇ ಮಾರ್ಗದ ಕೃತಿ. ಬಿ. ವೆಂಕಟಾಚಾರ್ಯರು ಅದನ್ನು ಕನ್ನಡಕ್ಕೆ ತಂದರು. ಅನಂತರ ಗಳಗನಾಥರು ‘ಮಾಧವ ಕರುಣಾ ವಿಲಾಸ’ದಂಥ ಕೃತಿಗಳ ಮೂಲಕ ನಾಡಿನ ಚರಿತ್ರೆಯನ್ನೇ ಕಥಾವಸ್ತುವಾಗಿಸಿ ಕನ್ನಡದಲ್ಲಿ ದೊಡ್ಡದೊಂದು ವಾಚಕವರ್ಗವನ್ನು ನಿರ್ಮಿಸಿದರು. ಇಂದಿನ ವಾಚಕನು ಆ ವರ್ಗದ ವಾರಸುದಾರ.

ಈ ಪರಂಪರೆಯಲ್ಲಿ ಶಾಂತಲೆಯ ಕಥೆಗೆ ವಿಶೇಷ ಸ್ಥಾನವುಂಟು. ಬೆಂಗಳೂರಿನ ಪ್ರಸಿದ್ಧ ವ್ಯಾಯಾಮಾಚಾರ್ಯರಾಗಿದ್ದ ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಕಳೆದ ಶತಮಾನದ ನಡುಗಾಲದಲ್ಲಿ ಬಹುಜನರ ಮೆಚ್ಚುಗೆಯನ್ನು ಪಡೆಯಿತು. ರಾಣಿಯ ಆತ್ಮತ್ಯಾಗದ ಐತಿಹ್ಯಕ್ಕೆ ಅದರಿಂದ ದೊರೆತ ಪ್ರಚಾರ ಅಪಾರ. ಮುಂದೆ ಸಿ. ಕೆ. ನಾಗರಾಜರಾವ್ ಅವರು ೧೯೭೮ರಲ್ಲಿ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದರು. ೧೯೮೩ರಲ್ಲಿ ಅದಕ್ಕೆ ಮೂರ್ತಿದೇವಿ ಪ್ರಶಸ್ತಿ ಸಂದಿತು. ರಾಣಿ ಆತ್ಮಹತ್ಯೆ ಮಾಡಿಕೊಂಡಳೆಂಬ ಮಾತನ್ನು ಅವರು ಒಪ್ಪಲಿಲ್ಲ. ಹೀಗೆ ಒಬ್ಬ ವಾಚಕನ ಭಿನ್ನಾಭಿಪ್ರಾಯವೇ ಇನ್ನೊಂದು ಬೃಹತ್ ಕಾದಂಬರಿಯಾಗಿ ಬೆಳೆದ ಉದಾಹರಣೆ ನಮ್ಮ ಸಾಹಿತ್ಯದಲ್ಲಿ ವಿರಳ.

೩

ಈ ಎರಡು ಕೃತಿಗಳ ಮಾತು ಬಂದಾಗ ತರಗತಿಯಲ್ಲಿಯೂ ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿಬರುವ ಅಭಿಪ್ರಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ರಸಪಕ್ಷ. ಕಾದಂಬರಿಯು ಕಾದಂಬರಿ, ಅದನ್ನು ಶಾಸನದೊಡನೆ ಹೋಲಿಸುವುದು ಮಲ್ಲಿಗೆಯನ್ನು ತಕ್ಕಡಿಯಲ್ಲಿ ತೂಗಿದಂತೆ ಎಂಬುದು ಈ ಪಕ್ಷದವರ ವಾದ. ಪಾತ್ರಗಳು ಜೀವಂತವಾಗಿವೆಯೇ, ಕುತೂಹಲ ಕೊನೆಯವರೆಗೆ ನಿಲ್ಲುತ್ತದೆಯೇ ಎಂಬಿಷ್ಟೇ ಅವರ ಪ್ರಶ್ನೆ. ಎರಡನೆಯದು ಪ್ರಮಾಣಪಕ್ಷ. ಶಾಸನದಲ್ಲಿ ಇಲ್ಲದುದೆಲ್ಲ ಸುಳ್ಳು, ಸುಳ್ಳನ್ನು ಓದಿ ಕಾಲಹರಣವೇಕೆ ಎಂದು ಇವರು ಕೇಳುತ್ತಾರೆ. ನಮ್ಮ ವೃತ್ತಿಯವರು ಸಾಮಾನ್ಯವಾಗಿ ಈ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಇಷ್ಟಪಡುತ್ತೇವೆ. ಮೂರನೆಯದು ನಂಬುಗೆಯ ಪಕ್ಷ. ಇವರು ವಾದಿಸುವುದಿಲ್ಲ, ಓದುತ್ತಾರೆ, ಕಣ್ಣೀರಿಡುತ್ತಾರೆ, ನಂಬುತ್ತಾರೆ. ಶಿವಗಂಗೆಯ ಬೆಟ್ಟದ ಮೇಲೆ ‘ಶಾಂತಲಾ ಡ್ರಾಪ್’ ಎಂದು ತೋರಿಸುವ ಕಡಿದಾದ ಸ್ಥಳವೊಂದಿದೆ. ಅಲ್ಲಿಗೆ ಹೋಗಿ ಬಂದವರಿಗೆ ಕಥೆಯ ಬಗ್ಗೆ ಸಂಶಯ ಉಳಿಯುವುದು ಕಷ್ಟ. ಬಂಡೆಯೇ ಸಾಕ್ಷಿಯಾಗಿ ನಿಂತಂತೆ ಅವರಿಗೆ ತೋರುತ್ತದೆ. ಮೂರರಲ್ಲಿ ಹೆಚ್ಚು ಜನರಿರುವುದು ಈ ಮೂರನೆಯ ಪಕ್ಷದಲ್ಲಿಯೇ. ಅಂದು ತರಗತಿಯಲ್ಲಿ ನಾವಿದ್ದುದೂ ಅಲ್ಲಿಯೇ.

ಈ ಮೂರು ಪಕ್ಷಗಳೂ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಿರುವಂತೆ ಕಂಡರೂ ವಾಸ್ತವವಾಗಿ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಿವೆ. ಕಥೆ ಚೆನ್ನಾಗಿದೆಯೇ ಎಂಬುದು ಒಂದು. ನಡೆದುದೇನು ಎಂಬುದು ಇನ್ನೊಂದು. ನಡೆದುದು ಏಕೆ ನಡೆಯಿತು ಎಂಬುದು ಮತ್ತೊಂದು. ಕಾದಂಬರಿಕಾರನ ಕೌಶಲವೆಲ್ಲವೂ ಈ ‘ಏಕೆ’ ಎಂಬುದರಲ್ಲಿದೆ. ನಾವು ಜಾಗರೂಕರಾಗಿರಬೇಕಾದುದೂ ಅಲ್ಲಿಯೇ.

೪

ಹಾಗಾದರೆ ಶಾಂತಲೆಯ ಬಗ್ಗೆ ಶಾಸನಗಳಿಂದ ತಿಳಿದುಬರುವುದೇನು? ಆಕೆಯ ತಂದೆ ಮಾರಸಿಂಗಯ್ಯ ಶೈವ; ತಾಯಿ ಮಾಚಿಕಬ್ಬೆ ಜೈನಧರ್ಮೀಯಳು. ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು, ಅಂದರೆ ಇಂದಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಅದೇ ಪ್ರಾಕಾರದಲ್ಲಿ ಕಪ್ಪೆ ಚೆನ್ನಿಗರಾಯನೆಂದು ಈಗ ಹೆಸರಾಗಿರುವ ಮೂರ್ತಿಯನ್ನು ಸ್ಥಾಪಿಸಿದವಳು ಶಾಂತಲೆ. ೧೧೨೩ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳೂ ಆಕೆಯೇ. ಆ ಬಸದಿಯ ಹೆಸರು ರಾಣಿಯ ಬಿರುದಿನಿಂದ ಬಂದುದು. ಸವತಿಯರ ಪಾಲಿಗೆ ಮದ್ದಾನೆಯಂತಿದ್ದವಳು ಎಂಬುದು ಅದರ ತಾತ್ಪರ್ಯ. ಮೃದುಸ್ವಭಾವದ ತ್ಯಾಗಮಯಿ ಶಾಂತಲೆಯನ್ನು ಮಾತ್ರ ಬಲ್ಲ ವಾಚಕನು ಈ ಬಿರುದನ್ನು ಮೊದಲ ಸಲ ಕೇಳಿದಾಗ ಬೆಚ್ಚಿಬೀಳುವುದುಂಟು.

ಆಕೆಯ ಮರಣದ ವಿಷಯಕ್ಕೆ ಬರೋಣ. ಶ್ರವಣಬೆಳಗೊಳದ ಶಾಸನವು ರಾಣಿಯು ೧೧೩೧ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದು ತಿಳಿಸುತ್ತದೆ. ಮಗಳ ಮರಣದ ತರುವಾಯ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಜೈನಸಂಪ್ರದಾಯದಂತೆ ಸನ್ಯಸನ ವ್ರತವನ್ನು ಕೈಗೊಂಡು ದೇಹವನ್ನು ತ್ಯಜಿಸಿದಳೆಂಬುದೂ ಶಾಸನದಿಂದಲೇ ತಿಳಿಯುತ್ತದೆ. ಮಗಳ ಮರಣಕ್ಕೆ ಶಾಸನಕಾರನು ಬಳಸಿರುವುದು ‘ಮುಡಿಪಿ’ ಎಂಬ ಮಾತನ್ನು. ಮುಗಿಸಿ, ಕೊನೆಗೊಳಿಸಿ ಎಂಬುದು ಅದರ ಸಾಮಾನ್ಯಾರ್ಥ. ಬೆಳಗೊಳದ ಪ್ರಾಚೀನ ಶಾಸನಗಳಲ್ಲಿ ಈ ಧಾತುವು ವ್ರತದಿಂದ ದೇಹವಿಟ್ಟವರ ಸಂದರ್ಭದಲ್ಲಿ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ಶಾಂತಲೆಯೂ ವ್ರತದಿಂದಲೇ ಮುಡಿಪಿದಳೆಂದು ಊಹಿಸಲು ಅವಕಾಶವುಂಟು; ಸಹಜವಾಗಿ ಮೃತಳಾದಳೆಂದು ಅರ್ಥಮಾಡಲೂ ಅಡ್ಡಿಯಿಲ್ಲ. ಆದರೆ ಬೆಟ್ಟದ ಅಂಚಾಗಲಿ, ಧುಮುಕಿದ ಮಾತಾಗಲಿ, ಮಕ್ಕಳಿಲ್ಲದ ಕೊರಗಾಗಲಿ ಆ ಶಾಸನದಲ್ಲಿ ಇಲ್ಲ.

ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿ ಇಡಬೇಕು. ೧೧೩೩ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪನು ತಂದೆಯ ಸ್ಮರಣಾರ್ಥವಾಗಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ಅರಸನಲ್ಲಿಗೆ ಒಯ್ದರು. ಅದೇ ಸಮಯಕ್ಕೆ ಅರಸನಿಗೆ ಯುದ್ಧದಲ್ಲಿ ಜಯವೂ ರಾಣಿ ಲಕ್ಷ್ಮೀದೇವಿಯಲ್ಲಿ ಪುತ್ರೋದಯವೂ ಆಗಿದ್ದವು. ಸಂತುಷ್ಟನಾದ ವಿಷ್ಣುವರ್ಧನನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಆ ಬಸದಿಯ ಶಾಸನ ಹೇಳುತ್ತದೆ. ಆ ಶಿಶುವೇ ಮುಂದೆ ಪಟ್ಟವೇರಿದ ಒಂದನೆಯ ನರಸಿಂಹ.

ಈಗ ನಮ್ಮ ಎದುರಿಗೆ ಎರಡು ತೇದಿಗಳಿವೆ. ೧೧೩೧ರಲ್ಲಿ ಪಟ್ಟದರಸಿಯ ಮರಣ. ೧೧೩೩ರಲ್ಲಿ ಇನ್ನೊಬ್ಬ ರಾಣಿಯ ಮಗನ ಜನನ. ಎರಡೂ ನಿಜ. ಇವುಗಳ ನಡುವೆ ‘ಆದುದರಿಂದ’ ಎಂಬ ಒಂದು ಮಾತನ್ನು ಸೇರಿಸಿದರೆ ಸಾಕು. ರಾಜ್ಯಕ್ಕೆ ಉತ್ತರಾಧಿಕಾರಿ ಬೇಕೆಂದು ಪಟ್ಟದರಸಿಯು ತನ್ನನ್ನು ಬಲಿಗೊಟ್ಟುಕೊಂಡ ಕಥೆ ತಾನಾಗಿ ಎದ್ದು ನಿಲ್ಲುತ್ತದೆ. ಆ ಕಥೆ ಅಸಂಭವವಲ್ಲ. ಆದುದರಿಂದಲೇ ಅದಕ್ಕೆ ಇಷ್ಟು ಶಕ್ತಿ. ಆದರೆ ಆ ‘ಆದುದರಿಂದ’ ಶಿಲೆಯಲ್ಲಿಲ್ಲ. ಅದನ್ನು ಸೇರಿಸುವುದು ಕಥೆಗಾರನ ಹಕ್ಕು. ಅದನ್ನು ಗುರುತಿಸುವುದು ವಾಚಕನ ಹೊಣೆ.

೫

ಸಾಮಾನ್ಯ ಐತಿಹಾಸಿಕ ಕಥೆಗಿಂತ ರಹಸ್ಯವನ್ನು ಗರ್ಭೀಕರಿಸಿಕೊಂಡ ಕಥೆಯು ವಾಚಕನನ್ನು ಹೆಚ್ಚು ಬಲವಾಗಿ ನಂಬಿಸುತ್ತದೆ. ಇದಕ್ಕೆ ಕಾರಣವನ್ನು ವಿಚಾರಿಸಬೇಕು. ವಾಚಕನು ನೂರಾರು ಪುಟಗಳ ಉದ್ದಕ್ಕೂ ಒಂದು ಸಂಶಯವನ್ನು ಹೊತ್ತು ನಡೆಯುತ್ತಾನೆ. ಕೊನೆಯಲ್ಲಿ ಆ ಭಾರ ಇಳಿದಾಗ ಉಂಟಾಗುವ ನೆಮ್ಮದಿಯು ಸತ್ಯವನ್ನು ಕಂಡಾಗ ಉಂಟಾಗುವ ನೆಮ್ಮದಿಯನ್ನೇ ಹೋಲುತ್ತದೆ. ಗಂಟು ಬಿಚ್ಚಿತು ಎಂಬ ತೃಪ್ತಿಯಲ್ಲಿ, ಗಂಟು ಹಾಕಿದವನೂ ಲೇಖಕನೇ ಎಂಬುದು ಮರೆತುಹೋಗುತ್ತದೆ.

ಬೇಲೂರಿನ ಶಿಲ್ಪಿಯ ಕಥೆ ಇದಕ್ಕೆ ಉತ್ತಮ ನಿದರ್ಶನ. ಹೆಂಡತಿಯನ್ನು ಶಂಕಿಸಿ ಮನೆಬಿಟ್ಟ ಜಕಣಾಚಾರಿ, ತಂದೆಯನ್ನು ಅರಸುತ್ತ ಬಂದ ಡಂಕಣ, ಮೂರ್ತಿಯ ಶಿಲೆಯಲ್ಲಿ ದೋಷವಿದೆ ಎಂಬ ಯುವಕನ ಸವಾಲು, ಲೇಪಿಸಿದ ಗಂಧವು ಹೊಕ್ಕುಳ ಬಳಿ ಮಾತ್ರ ಒಣಗದೆ ಉಳಿದುದು, ಅಲ್ಲಿ ಉಳಿಯಿಟ್ಟಾಗ ನೀರೂ ಕಪ್ಪೆಯೂ ಹೊರಬಂದುದು, ಬಳಿಕ ತಂದೆಮಕ್ಕಳ ಗುರುತು: ಈ ಐತಿಹ್ಯವನ್ನು ಕೇಳದ ಕನ್ನಡಿಗನಿಲ್ಲ. ನಾಗರಾಜರಾವ್ ಅವರ ಕಾದಂಬರಿಯಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ. ರಹಸ್ಯಕಥೆಗೆ ಇದಕ್ಕಿಂತ ಸೊಗಸಾದ ವಸ್ತು ದೊರೆಯಲಾರದು.

ಆದರೆ ಬೇಲೂರಿನ ಶಿಲ್ಪಿಗಳು ತಮ್ಮ ಹೆಸರನ್ನು ಮುಚ್ಚಿಟ್ಟುಕೊಂಡವರಲ್ಲ. ಮದನಿಕೆಯರ ಪೀಠಗಳ ಮೇಲೆ ಅವರು ಊರು, ಬಿರುದು, ತಂದೆಯ ಹೆಸರುಗಳೊಡನೆ ಸಹಿ ಹಾಕಿದ್ದಾರೆ. ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಇವರಲ್ಲಿ ಪ್ರಮುಖರು. ಅಲ್ಲಿಯೂ ತಂದೆಮಕ್ಕಳೇ ಇದ್ದಾರೆ. ಪರಸ್ಪರ ಅಗಲದೆ ಒಂದೇ ಗುಡಿಯಲ್ಲಿ ಉಳಿ ಹಿಡಿದು ಕೆಲಸ ಮಾಡಿದವರು. ಅವರ ಬಾಳಿನಲ್ಲಿ ಕಥೆಗಾರನಿಗೆ ಬೇಕಾದ ರಹಸ್ಯವಿಲ್ಲದಿರುವುದರಿಂದ ಜನರ ಬಾಯಲ್ಲಿ ಅವರು ಉಳಿಯಲಿಲ್ಲ. ಅಜ್ಞಾತನಾದ ಶಿಲ್ಪಿಯ ಕಥೆಯನ್ನು ಮೆಚ್ಚುವ ಭರದಲ್ಲಿ, ಹೆಸರನ್ನು ಕಲ್ಲಿನಲ್ಲಿ ಕೊರೆದಿಟ್ಟು ಹೋದವರನ್ನು ನಾವು ಅಜ್ಞಾತರನ್ನಾಗಿ ಮಾಡಿದ್ದೇವೆ. ರಮ್ಯಕಥೆಯಿಂದ ಚರಿತ್ರೆಗೆ ನಷ್ಟವಾಗುವುದಿದ್ದರೆ ಅದು ಇಂಥಲ್ಲಿ: ಸುಳ್ಳು ಸೇರುವುದಕ್ಕಿಂತ ನಿಜ ಜಾರಿಹೋಗುವುದೇ ದೊಡ್ಡ ನಷ್ಟ.

೬

ಇದು ದಕ್ಷಿಣದ ಹೊಯ್ಸಳ ನಾಡಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಮೇಲೆ ಹೇಳಿದ ವಿದ್ಯಾರ್ಥಿನಿಯ ಊರಿರುವ ರಾಯಚೂರು ದೋಆಬಿನಲ್ಲಿಯೇ, ಅಂದರೆ ಕೃಷ್ಣೆ ತುಂಗಭದ್ರೆಗಳ ನಡುವಣ ನಾಡಿನಲ್ಲಿಯೇ, ಎರಡು ನಿದರ್ಶನಗಳಿವೆ. ಒಂದು ರಹಸ್ಯವನ್ನು ಕಥೆಯು ಬಿಡಿಸಿದ ಬಗೆಗೆ. ಇನ್ನೊಂದು ಪ್ರಮಾಣವು ಬಿಡಿಸಿದ ಬಗೆಗೆ.

ಮೊದಲನೆಯದು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನದು. ಬಹಮನಿ ಸುಲ್ತಾನ ಫಿರೋಜ್ ಶಹನಿಗೂ ವಿಜಯನಗರದ ಒಂದನೆಯ ದೇವರಾಯನಿಗೂ ೧೪೦೬ರಲ್ಲಿ ನಡೆದ ಯುದ್ಧಕ್ಕೆ ಫಿರಿಶ್ತಾ ಎಂಬ ಇತಿಹಾಸಕಾರನು ಒಂದು ಸ್ವಾರಸ್ಯವಾದ ಕಾರಣವನ್ನು ಹೇಳಿದ್ದಾನೆ. ಮುದಗಲ್ಲಿನ ಅಕ್ಕಸಾಲಿಗನಿಗೆ ಪರ್ತಾಲಳೆಂಬ ಅಸಮಾನ ಸುಂದರಿಯಾದ ಮಗಳಿದ್ದಳು. ಕಾಶಿಯಿಂದ ಹಿಂದಿರುಗುತ್ತಿದ್ದ ಬ್ರಾಹ್ಮಣನೊಬ್ಬನು ಆ ಮನೆಯಲ್ಲಿ ತಂಗಿದ್ದು ಆಕೆಗೆ ಸಂಗೀತವನ್ನು ಕಲಿಸಿದನು. ಅನಂತರ ವಿಜಯನಗರಕ್ಕೆ ಹೋಗಿ ರಾಯನೆದುರು ಆಕೆಯನ್ನು ವರ್ಣಿಸಿದನು. ರಾಯನು ಕಳುಹಿಸಿದ ಉಡುಗೊರೆಗಳಿಗೆ ತಂದೆತಾಯಿಗಳು ಒಪ್ಪಿದರೂ ಹುಡುಗಿ ಒಪ್ಪಲಿಲ್ಲ. ರಾಯನ ದಂಡು ಹೊಳೆದಾಟಿ ಮುದಗಲ್ಲಿಗೆ ಧಾವಿಸಿತು. ಅಷ್ಟರಲ್ಲಿ ಆ ಮನೆಯವರು ಊರು ಬಿಟ್ಟಿದ್ದರು. ಇದರಿಂದ ಹೊತ್ತಿಕೊಂಡ ಯುದ್ಧದ ಕೊನೆಯಲ್ಲಿ ಪರ್ತಾಲಳು ಸುಲ್ತಾನನ ಮಗ ಹಸನ್ ಖಾನನನ್ನು ವರಿಸಿದಳು. ರಾಬರ್ಟ್ ಸೂಯೆಲ್ ೧೯೦೦ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಈ ಕಥೆಯನ್ನು ವಿವರವಾಗಿ ಬರೆದುದರಿಂದ ಅದು ಆಧುನಿಕ ವಾಚಕರಿಗೂ ಪರಿಚಿತವಾಯಿತು.

ಇಲ್ಲಿಯೂ ನಮ್ಮ ಅದೇ ಪರೀಕ್ಷೆಯನ್ನು ಅನ್ವಯಿಸೋಣ. ಯುದ್ಧ ನಡೆದುದು ನಿಜ. ಆದರೆ ಫಿರಿಶ್ತಾ ಬರೆದುದು ಘಟನೆಯಾದ ಸುಮಾರು ಇನ್ನೂರು ವರ್ಷಗಳ ಮೇಲೆ, ಬಿಜಾಪುರದ ಆದಿಲಶಾಹಿ ಆಶ್ರಯದಲ್ಲಿ. ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ ಎರಡು ರಾಜ್ಯಗಳೂ ಅದಕ್ಕೆ ಮುಂಚೆಯೇ ಹೋರಾಡುತ್ತಿದ್ದವು. ಅನಂತರವೂ ಒಂದೂವರೆ ಶತಮಾನ ಹೋರಾಡಿದವು. ಎರಡು ನದಿಗಳ ನಡುವಣ ನೆಲಕ್ಕಾಗಿ ತಲೆಮಾರುಗಳುದ್ದಕ್ಕೂ ನಡೆದ ಸೆಣಸಾಟದಲ್ಲಿ ಒಂದು ಯುದ್ಧಕ್ಕೆ ಮಾತ್ರ ಹೆಣ್ಣೊಬ್ಬಳ ರೂಪ ಕಾರಣವೆಂದಾಗ, ನಡುವೆ ಸೇರಿದ ‘ಆದುದರಿಂದ’ ಯಾರದೆಂದು ಕೇಳಬೇಕಾಗುತ್ತದೆ. ಪರ್ತಾಲಳು ಇರಲೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆಕೆಯೊಬ್ಬಳ ಮೇಲೆ ಯುದ್ಧದ ಹೊಣೆಯನ್ನೆಲ್ಲ ಹೊರಿಸುವಷ್ಟು ಪ್ರಮಾಣವಿಲ್ಲವೆಂದಷ್ಟೇ ಹೇಳುತ್ತೇವೆ.

ಎರಡನೆಯದು ಮಸ್ಕಿಯದು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪನು ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಿಲಾಶಾಸನಗಳಲ್ಲಿ ಮಾತನಾಡುತ್ತಿದ್ದವನು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದು ತಿಳಿಯಿತು. ಈತನಾರು? ಸಿಂಹಳದ ಗ್ರಂಥಗಳ ಆಧಾರದಿಂದ ಅಶೋಕನೇ ಇರಬೇಕೆಂದು ವಿದ್ವಾಂಸರು ನಿರ್ಧರಿಸಿದರು. ಆ ತರ್ಕ ಬಲವಾಗಿದ್ದರೂ ಶಾಸನದಲ್ಲಿ ಹೆಸರು ಕಾಣಬೇಕಾಗಿತ್ತು. ೧೯೧೫ರಲ್ಲಿ ಚಿನ್ನದ ನಿಕ್ಷೇಪದ ಶೋಧದಲ್ಲಿದ್ದ ಬೀಡನ್ ಎಂಬ ಎಂಜಿನಿಯರನು ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಗಮನಿಸಿದನು. ಅಲ್ಲಿ ದೇವಾನಾಂಪ್ರಿಯನೆಂಬುದರ ಜೊತೆಗೆ ಅಶೋಕನೆಂಬ ಹೆಸರಿತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಅದೇ ಹೆಸರು ಕಂಡುಬಂದಿತು.

ಮಸ್ಕಿಯ ಕಥೆಯಲ್ಲಿಯೂ ಗುಪ್ತನಾಮವಿದೆ, ಊಹೆಯಿದೆ, ಅನಿರೀಕ್ಷಿತವಾದ ಬಿಡುಗಡೆಯಿದೆ. ಕಾದಂಬರಿಗೂ ಇದಕ್ಕೂ ಇರುವ ಭೇದ ಒಂದೇ. ಇಲ್ಲಿ ವಿದ್ವಾಂಸರು ಎಪ್ಪತ್ತೆಂಟು ವರ್ಷ ಕಾಯಬೇಕಾಯಿತು. ಊಹೆಯನ್ನು ಊಹೆಯೆಂದೇ ಕರೆಯುತ್ತ, ಅದನ್ನು ಸಿದ್ಧಪಡಿಸಬಲ್ಲ ಸಾಕ್ಷ್ಯಕ್ಕಾಗಿ ಕಾಯುವ ಈ ತಾಳ್ಮೆಯೇ ಚರಿತ್ರೆಯ ಶಿಸ್ತು. ಕಾದಂಬರಿಕಾರನು ಕೊನೆಯ ಪುಟದೊಳಗೆ ಗಂಟನ್ನು ಬಿಚ್ಚಲೇಬೇಕು. ನಮಗೆ ಅಂಥ ಅವಸರವಿಲ್ಲ.

೭

ಹಾಗೆಂದು ವಿದ್ಯಾರ್ಥಿಗಳು ಐತಿಹಾಸಿಕ ಕಾದಂಬರಿಗಳನ್ನು ಓದಬಾರದೇ? ಖಂಡಿತವಾಗಿಯೂ ಓದಬೇಕು. ಆಧುನಿಕ ಇತಿಹಾಸಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬನಾದ ಜರ್ಮನಿಯ ರಾಂಕೆಯು ತರುಣನಾಗಿದ್ದಾಗ ಸ್ಕಾಟನ ‘ಕ್ವೆಂಟಿನ್ ಡರ್ವರ್ಡ್’ ಕಾದಂಬರಿಯನ್ನು ಓದಿದನು. ಅದರಲ್ಲಿ ಬರುವ ಹನ್ನೊಂದನೆಯ ಲೂಯಿ ಮೊದಲಾದವರ ಚಿತ್ರವನ್ನು ಸಮಕಾಲೀನ ದಾಖಲೆಗಳೊಡನೆ ಹೋಲಿಸಿದನು. ಎರಡೂ ಹೊಂದಲಿಲ್ಲ. ಕಲ್ಪಿತಕ್ಕಿಂತ ದಾಖಲೆಯ ಸತ್ಯವೇ ಸುಂದರವೂ ಸ್ವಾರಸ್ಯವೂ ಆದುದೆಂದು ಆತನಿಗೆ ಕಂಡಿತು. ಮೂಲ ಆಕರಗಳ ಕಡೆಗೆ ತಾನು ತಿರುಗಿದುದಕ್ಕೆ ಇದೂ ಒಂದು ಕಾರಣವೆಂದು ಆತನು ಮುಂದೆ ಹೇಳಿಕೊಂಡಿದ್ದಾನೆ. ಕಾದಂಬರಿಯನ್ನು ಓದದಿದ್ದರೆ ಆ ಹೋಲಿಕೆಯ ಪ್ರಸಂಗವೇ ಒದಗುತ್ತಿರಲಿಲ್ಲ. ಕಾದಂಬರಿಯು ಕೆರಳಿಸಿದ ಕುತೂಹಲವನ್ನು ದಾಖಲೆಯ ಬಳಿಗೆ ಕೊಂಡೊಯ್ಯುವುದು ಅಧ್ಯಾಪಕನ ಕೆಲಸ.

ಇದಕ್ಕೆ ನಾವು ತರಗತಿಯಲ್ಲಿ ಅನುಸರಿಸುತ್ತಿರುವ ವಿಧಾನ ಸರಳವಾದುದು. ಕಾದಂಬರಿಯೊಂದನ್ನು ಓದಿದ ವಿದ್ಯಾರ್ಥಿಯು ಒಂದು ಹಾಳೆಯಲ್ಲಿ ಎರಡು ಕಲಮುಗಳನ್ನು ಹಾಕಿಕೊಳ್ಳಬೇಕು. ಶಾಸನ ಮೊದಲಾದ ಆಕರಗಳಲ್ಲಿ ದೊರೆಯುವ ಹೆಸರು, ತೇದಿ, ಸ್ಥಳಗಳನ್ನು ಒಂದರಲ್ಲಿ ಬರೆಯಬೇಕು. ಅವುಗಳನ್ನು ಜೋಡಿಸಲು ಲೇಖಕನು ಸೇರಿಸಿದ ಕಾರಣಗಳನ್ನು ಇನ್ನೊಂದರಲ್ಲಿ ಬರೆಯಬೇಕು. ಬಳಿಕ ಕಥೆಯಲ್ಲಿ ಸ್ಥಾನ ದೊರೆಯದೆ ಹೋದ ಹೆಸರುಗಳಾವುವು ಎಂದು ಕೇಳಿಕೊಳ್ಳಬೇಕು. ಹೀಗೆ ಮಾಡಿದರೆ ಕಾದಂಬರಿಯ ಸೊಗಸು ಕಡಮೆಯಾಗುವುದಿಲ್ಲ. ಎರಡನೆಯ ಕಲಮನ್ನು ತುಂಬುವಾಗ ಲೇಖಕನ ಪ್ರತಿಭೆ ಎಲ್ಲೆಲ್ಲಿ ಕೆಲಸಮಾಡಿದೆ ಎಂಬುದು ಸ್ಪಷ್ಟವಾಗಿ ಕಂಡು, ಮೆಚ್ಚುಗೆ ಹೆಚ್ಚುವುದೇ ನಮ್ಮ ಅನುಭವ. ರಸಪಕ್ಷದವರಿಗೂ ಪ್ರಮಾಣಪಕ್ಷದವರಿಗೂ ಈ ಹಾಳೆಯ ಮೇಲೆ ಒಡಂಬಡಿಕೆ ಸಾಧ್ಯ.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಮರುದಿನ ನಾವು, ಹಿಂದಿನ ದಿನ ಹೇಳಿದುದು ತಪ್ಪೆಂದು ಒಪ್ಪಿಕೊಂಡು, ಶಾಸನದಲ್ಲಿರುವುದನ್ನು ಓದಿ ವಿವರಿಸಿದೆವು. ಹಾಗಾದರೆ ರಾಣಿ ಹೇಗೆ ಸತ್ತಳು ಎಂದು ಆಕೆ ಮತ್ತೆ ಕೇಳಿದಳು. ಎಲ್ಲಿ ಎಂಬುದನ್ನೂ ಯಾವಾಗ ಎಂಬುದನ್ನೂ ಶಿಲೆಯು ಹೇಳುತ್ತದೆ, ಹೇಗೆ ಎಂಬುದನ್ನು ಬಿಡಿಸಿ ಹೇಳುವುದಿಲ್ಲ ಎಂದು ಉತ್ತರಿಸಿದೆವು. ಆಕೆ ತನ್ನ ಟಿಪ್ಪಣಿಪುಸ್ತಕದಲ್ಲಿ ತೇದಿಯನ್ನು ಬರೆದುಕೊಂಡು ಅದರ ಮುಂದೆ ಒಂದು ಸಾಲಿನಷ್ಟು ಸ್ಥಳವನ್ನು ಬಿಟ್ಟಳು. ಇಂಥ ಖಾಲಿ ಸ್ಥಳವನ್ನು ಬಿಡಲು ಕಲಿಸುವುದು ಚರಿತ್ರೆಯ ಬೋಧನೆಯ ಮುಖ್ಯವಾದ ಪ್ರಯೋಜನಗಳಲ್ಲಿ ಒಂದೆಂದು ನಾವು ಭಾವಿಸಿದ್ದೇವೆ.